ಮೀನಿನ ಕೊಳದಲ್ಲಿ ಸೊಪ್ಪಿನ ಮಡಿ

ಹಿತ್ತಲಲ್ಲಿ ಪುಟ್ಟ ಕೊಳ ತೋಡಿ ಮೀನು ಬಿಟ್ಟವರು ದಿನವೂ ಆ ನೀರಿಗೆ ಗೊಬ್ಬರ ಹಾಕುತ್ತಿರುತ್ತಾರೆ. ಚೀಲದ ಮೇಲೆ ‘ಮೀನಿನ ಆಹಾರ’ ಎಂದು ಬರೆದಿರುವುದರಿಂದ ಅದು ಗೊಬ್ಬರ ಅನ್ನಿಸುವುದಿಲ್ಲ, ಅಷ್ಟೆ. ಲೆಕ್ಕ ಹಾಕಿ ನೋಡಿ. 100 ಗ್ರಾಂ ಆಹಾರದಲ್ಲಿ 30 ಗ್ರಾಂ ಪ್ರೋಟೀನ್ ಇದೆ ಅಂದುಕೊಳ್ಳೋಣ. ಪ್ರೋಟೀನಿನ ತೂಕದಲ್ಲಿ ಶೇ. 16ರಷ್ಟು ಸಾರಜನಕ, ಅಂದರೆ 4.8 ಗ್ರಾಂ. ಇದರಲ್ಲಿ ಮೀನಿನ ಮೈಗೆ ಹತ್ತುವುದು ಕಾಲುಭಾಗ, ಹೆಚ್ಚೆಂದರೆ ಮೂರರಲ್ಲೊಂದು ಭಾಗ. ಮಿಕ್ಕಿದ್ದು, ಮೂರು ಗ್ರಾಂಗೂ ಮೇಲ್ಪಟ್ಟು, ಕೊಳದಲ್ಲೇ ಉಳಿಯುತ್ತದೆ. ಅಷ್ಟು ಸಾರಜನಕವನ್ನು ತೋಟಕ್ಕೆ ಕೊಡಬೇಕೆಂದರೆ ಸುಮಾರು ಏಳು ಗ್ರಾಂ ಯೂರಿಯಾ ಎರಚಬೇಕು. ಇಷ್ಟು ಗೊಬ್ಬರ ದಿನವೂ ಬೀಳುವ ಜಾಗದಲ್ಲಿ ಸೊಪ್ಪು ಬೆಳೆಯದೆ ಬಿಡುವುದು ನನ್ನ ಮಟ್ಟಿಗೆ ದೊಡ್ಡ ನಷ್ಟ.

ಮೀನು ಸಾರಜನಕದ ಬಹುಪಾಲನ್ನು ಕಿವಿರುಗಳ ಮೂಲಕ, ಅಮೋನಿಯಾ ರೂಪದಲ್ಲಿ ನೇರವಾಗಿ ನೀರಿಗೆ ಬಿಡುತ್ತದೆ. ಅದೇ ಅಮೋನಿಯಾ ಮೀನಿಗೆ ವಿಷ. ನೀರು ಬಿಸಿಯಾದಷ್ಟೂ, ಕ್ಷಾರೀಯವಾದಷ್ಟೂ ಆ ವಿಷದ ಕಸುವು ಹೆಚ್ಚು. ಪಾಚಿಗಟ್ಟಿ ಹಸಿರಾದ ಕೊಳದಲ್ಲಿ ಮಧ್ಯಾಹ್ನದ ಬಿಸಿಲಿಗೆ ಪಾಚಿಯು ನೀರಿನ ಇಂಗಾಲದ ಡೈಆಕ್ಸೈಡನ್ನೆಲ್ಲ ಹೀರಿ ಪಿಎಚ್ ಮಟ್ಟವನ್ನು 9ರ ಆಚೆಗೂ ಏರಿಸಬಲ್ಲದು. ಬೆಳಿಗ್ಗೆ ಲವಲವಿಕೆಯಿಂದಿದ್ದ ಮೀನು ಮೂರು ಗಂಟೆಯ ಹೊತ್ತಿಗೆ ಮಂಕಾಗಲು ಇದೂ ಒಂದು ಕಾರಣ. ಈ ವಿಷವನ್ನು ಮುರಿಯುವವು ಕೊಳದ ಕಲ್ಲು, ಮಣ್ಣು, ಬೇರುಗಳ ಮೇಲೆ ಲೋಳೆಯಾಗಿ ಕೂರುವ ಬ್ಯಾಕ್ಟೀರಿಯಾಗಳು. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಮಾಡುತ್ತದೆ. 1890ರ ಸುಮಾರಿಗೆ ಇವನ್ನು ಬೇರ್ಪಡಿಸಿ ತೋರಿಸಿದವರು ರಷ್ಯಾದ ಸೆರ್ಗೈ ವಿನೊಗ್ರಾಡ್‌ಸ್ಕಿ. ನಡುವಿನ ನೈಟ್ರೈಟ್ ಕೂಡ ಅಪಾಯಕಾರಿಯೇ. ಅದು ಹೆಚ್ಚಾದರೆ ಮೀನಿನ ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಂಡು ಕಂದುಬಣ್ಣಕ್ಕೆ ತಿರುಗುತ್ತದೆ. ಕೊನೆಯ ನೈಟ್ರೇಟ್ ಮಾತ್ರ ಹೆಚ್ಚುಕಡಿಮೆ ಸಾಧು.

ನೀರಿನ ಗಿಡಗಳು ನೈಟ್ರೇಟನ್ನಷ್ಟೇ ಅಲ್ಲ, ಅಮೋನಿಯಂ ರೂಪದ ಸಾರಜನಕವನ್ನೂ ಹೀರುತ್ತವೆ. ಜೊತೆಗೆ ರಂಜಕವನ್ನೂ. ಗಿಡ ಹೀರದಿದ್ದರೆ ಅದೆಲ್ಲ ಪಾಚಿಯ ಪಾಲು. ಆದ್ದರಿಂದ ಕೊಳಕ್ಕೆ ಗಿಡ ಬೇಕೋ ಬೇಡವೋ ಎಂಬ ಪ್ರಶ್ನೆಯೇ ಇಲ್ಲ. ಗೊಬ್ಬರ ಬಿದ್ದಲ್ಲಿ ಏನೋ ಒಂದು ಬೆಳೆದೇ ಬೆಳೆಯುತ್ತದೆ. ಅದು ಪಲ್ಯಕ್ಕಾಗುವಂಥದ್ದೋ ಅಲ್ಲವೋ ಎಂಬುದಷ್ಟೇ ನಮ್ಮ ಕೈಲಿರುವುದು.

ಗಿಡ ಆರಿಸುವ ಮೊದಲು ರಾತ್ರಿಯ ಕೊಳದಲ್ಲಿ ಏನಾಗುತ್ತದೆ ಎಂದು ತಿಳಿದಿರಬೇಕು. ಒಂದು ಲೀಟರ್ ಗಾಳಿಯಲ್ಲಿ 270 ಮಿಲಿಗ್ರಾಂಗೂ ಹೆಚ್ಚು ಆಮ್ಲಜನಕವಿದ್ದರೆ, 25 ಡಿಗ್ರಿಯ ಒಂದು ಲೀಟರ್ ನೀರು ಹಿಡಿದಿಟ್ಟುಕೊಳ್ಳುವುದು ಹೆಚ್ಚುಕಡಿಮೆ ಎಂಟು ಮಿಲಿಗ್ರಾಂ ಮಾತ್ರ. ಬೇಸಿಗೆಯಲ್ಲಿ ನೀರು ಕಾದರೆ ಅದೂ ಇಳಿಯುತ್ತದೆ. ಹಗಲಲ್ಲಿ ನೀರೊಳಗಿನ ಹಸಿರು ಆಮ್ಲಜನಕ ಕೊಡುತ್ತದೆ. ಕತ್ತಲಾದ ಮೇಲೆ ಅದೇ ಹಸಿರು, ಮೀನು, ತಳದ ಕೆಸರಿನ ಬ್ಯಾಕ್ಟೀರಿಯಾ ಎಲ್ಲವೂ ಆ ಪುಡಿಗಾಸಿನಷ್ಟು ಆಮ್ಲಜನಕಕ್ಕೆ ಕೈಚಾಚುತ್ತವೆ. ಹಾಗಾಗಿ ಕೊಳ ತೀರ ಬಡವಾಗುವುದು ಬೆಳಗಿನ ಜಾವ. ಲೀಟರಿಗೆ ಮೂರು ಮಿಲಿಗ್ರಾಂಗಿಂತ ಕೆಳಗಿಳಿಯಿತೆಂದರೆ ಗೆಂಡೆ ಮೀನುಗಳು ಮೇಲೆ ಬಂದು ಬಾಯಿ ಬಡಿಯತೊಡಗುತ್ತವೆ. ಆಷಾಢದಲ್ಲಿ ನಾಲ್ಕೈದು ದಿನ ಸೂರ್ಯನ ಮುಖವೇ ಕಾಣದಂತೆ ಮೋಡ ಕವಿದಾಗ ಹಸಿರು ಕೊಳಗಳಲ್ಲಿ ಮೀನು ರಾಶಿರಾಶಿಯಾಗಿ ಸಾಯುವುದು ಹೀಗೆಯೇ.

ಇಡೀ ಗಿಡ ನೀರೊಳಗೇ ಮುಳುಗಿದ್ದರೆ ಅದು ರಾತ್ರಿ ಮೀನಿನ ಉಸಿರಿಗೆ ಪೈಪೋಟಿ. ಬೇರು ನೀರಲ್ಲಿದ್ದು ಎಲೆ ಗಾಳಿಯಲ್ಲಿರುವ ಗಿಡವಾದರೆ ಉಸಿರಾಟದ ಬಹುಪಾಲು ವ್ಯವಹಾರವನ್ನು ಗಾಳಿಯೊಡನೆಯೇ ಮುಗಿಸಿಕೊಂಡು, ನೀರಿನಿಂದ ಗೊಬ್ಬರವನ್ನಷ್ಟೇ ಎಳೆದುಕೊಳ್ಳುತ್ತದೆ. ನೆರಳು ಕೊಟ್ಟು ಪಾಚಿಯನ್ನೂ ಹದ್ದುಬಸ್ತಿನಲ್ಲಿಡುತ್ತದೆ. ನಮ್ಮ ಅದೃಷ್ಟಕ್ಕೆ, ತಿನ್ನಲು ಬರುವ ನೀರಗಿಡಗಳಲ್ಲಿ ಹೆಚ್ಚಿನವು ಇದೇ ಜಾತಿಯವು.

ಕೆಸರಿನಲ್ಲಿ ಹೂತ ಬೇರಿಗೆ ಆಮ್ಲಜನಕ ಎಲ್ಲಿಂದ ಬರಬೇಕು? ಉತ್ತರ ಬೇಕಾದರೆ ತಾವರೆಯ ಗಡ್ಡೆಯೊಂದನ್ನು ಅಡ್ಡಕ್ಕೆ ಕತ್ತರಿಸಿ ನೋಡಿ. ಬಿಲ್ಲೆಯ ನಡುಬಿಂದುವಿನ ಸುತ್ತಲೂ ದುಂಡನೆಯ ತೂತುಗಳು. ಎಲೆಯ ದಂಟನ್ನು ಮುರಿದರೂ ಅವೇ ತೂತುಗಳು, ಕೊಂಚ ಸಣ್ಣವು. ಇವು ಎಲೆಯಿಂದ ಗಡ್ಡೆಯವರೆಗೆ ಹರಿದಿರುವ ಗಾಳಿಕೊಳವೆಗಳು. ಅವುಗಳಲ್ಲಿ ಗಾಳಿ ಸುಮ್ಮನೆ ನಿಂತಿರುವುದಿಲ್ಲ, ಬೀಸುತ್ತದೆ. ಅಮೆರಿಕದ ಜಾನ್ ಡೇಸಿ 1980ರಲ್ಲಿ ಹಳದಿ ನೈದಿಲೆಯೊಂದರ ಮೇಲೆ ಮಾಡಿದ ಅಧ್ಯಯನ ಪ್ರಕಟಿಸಿದರು. ಬಿಸಿಲಿಗೆ ಎಳೆಯ ಎಲೆಗಳೊಳಗೆ ಒತ್ತಡ ಏರಿ, ಗಾಳಿ ದಂಟಿನ ಮೂಲಕ ಕೆಸರಿನ ಗಡ್ಡೆಗೆ ಇಳಿದು, ಬಲಿತ ಎಲೆಗಳ ಮೂಲಕ ಹೊರಬೀಳುತ್ತದೆ. ಒಂದೇ ಎಲೆಯಿಂದ ದಿನಕ್ಕೆ 22 ಲೀಟರಿನವರೆಗೂ ಗಾಳಿ ಹೀಗೆ ಕೆಳಗಿಳಿಯುವುದನ್ನು ಅವರು ಅಳೆದಿದ್ದರು. ತಾವರೆಯಲ್ಲೂ ಇಂಥದೇ ಗಾಳಿಯೋಟವಿದೆ. ಅದನ್ನು ಕಣ್ಣಾರೆ ಕಾಣಲು ಪ್ರಯೋಗಶಾಲೆ ಬೇಡ. ಬಲಿತ ತಾವರೆ ಎಲೆಯ ನಡುಮಧ್ಯೆ, ದಂಟು ಕೂಡುವ ಜಾಗದ ಮೇಲೆ ಬಿಳಿಚಿದ ಒಂದು ಪುಟ್ಟ ಬಿಲ್ಲೆ ಇರುತ್ತದೆ. ಅಲ್ಲಿ ದೊಡ್ಡ ದೊಡ್ಡ ಪತ್ರರಂಧ್ರಗಳಿವೆ. ಒಳ್ಳೆಯ ಬಿಸಿಲಿನಲ್ಲಿ ಆ ಬಿಲ್ಲೆ ಮುಚ್ಚುವಷ್ಟು ನೀರು ಸುರಿದರೆ ನೀರಿನೊಳಗಿಂದ ಗುಳ್ಳೆಗಳು ಒಂದರ ಹಿಂದೊಂದು ಏಳುತ್ತವೆ. ಮಕ್ಕಳಿಗೆ ಒಮ್ಮೆ ತೋರಿಸಿ, ಗಿಡ ಉಸಿರಾಡುತ್ತದೆ ಎಂಬುದನ್ನು ಮತ್ತೆ ಹೇಳಿಕೊಡಬೇಕಾಗಿಲ್ಲ. ಗಡ್ಡೆ, ಬೇರುಗಳ ಈ ಗಾಳಿಯಲ್ಲಿ ಒಂದಿಷ್ಟು ಸುತ್ತಲ ಕೆಸರಿಗೂ ಸೋರುತ್ತದೆ. ಆಮ್ಲಜನಕವಿಲ್ಲದೆ ಬದುಕದ ಆ ನೈಟ್ರೈಟ್, ನೈಟ್ರೇಟ್ ಬ್ಯಾಕ್ಟೀರಿಯಾಗಳಿಗೆ ಕೆಸರಿನ ನಡುವೆ ಠಾವು ಸಿಗುವುದು ಅದರಿಂದಲೇ.

ಅಡುಗೆಗೆ ಬರುವುದು ತಾವರೆಯ ಗಡ್ಡೆ ಮತ್ತು ಕಾಳು. ಕಾಶ್ಮೀರದ ದಾಲ್ ಸರೋವರದಲ್ಲಿ ಗಡ್ಡೆಯನ್ನು ‘ನದ್ರು’ ಎಂದು ಬೆಳೆದು ಮಾರುತ್ತಾರೆ, ಮೊಸರಿನಲ್ಲಿ ಬೇಯಿಸುತ್ತಾರೆ. ತೆಳ್ಳಗೆ ಬಿಲ್ಲೆ ಕೊಯ್ದು ಒಣಗಿಸಿ ಕರಿದರೆ ಸಂಡಿಗೆಯ ಜೊತೆ ಬಡಿಸಬಹುದು. ಕಾಳಿನ ಗಟ್ಟಿತನ ಬೇರೆಯೇ ಕಥೆ. ಚೀನಾದ ಒಣಗಿದ ಕೆರೆಯಂಗಳದಲ್ಲಿ ಸಿಕ್ಕ ಸುಮಾರು 1,300 ವರ್ಷ ಹಳೆಯ ತಾವರೆ ಬೀಜವನ್ನು ಜೇನ್ ಶೆನ್-ಮಿಲ್ಲರ್ ಮತ್ತು ಸಂಗಡಿಗರು ಮೊಳೆಯಿಸಿ, 1995ರಲ್ಲಿ ಆ ವಿವರ ಪ್ರಕಟಿಸಿದರು. ಅಂಥ ಸಿಪ್ಪೆಯನ್ನು ಉಜ್ಜಿ ಒಂದು ಕಡೆ ಒಳಗಿನ ಬಿಳಿ ಕಾಣುವಂತೆ ಮಾಡದಿದ್ದರೆ ನಿಮ್ಮ ಬಕೆಟ್ಟಿನಲ್ಲಿ ಅದು ಮೊಳೆಯುವುದಿಲ್ಲ. ತಾವರೆಯನ್ನು ನೇರವಾಗಿ ಕೊಳದ ತಳಕ್ಕೆ ನೆಡಬೇಡಿ. ಅದರ ಗಡ್ಡೆಯ ತುದಿ ಈಟಿಯಂತೆ ಮುನ್ನುಗ್ಗುತ್ತದೆ, ಪ್ಲಾಸ್ಟಿಕ್ ಹೊದಿಕೆಯನ್ನೂ ತೂತು ಮಾಡಬಹುದು. ತೂತಿಲ್ಲದ ಅಗಲವಾದ ದುಂಡು ಟಬ್ಬಿನಲ್ಲಿ ಜೇಡಿಮಣ್ಣು ತುಂಬಿ, ಮೇಲೆ ಸಣ್ಣ ಜಲ್ಲಿ ಹರಡಿ, ಆ ಟಬ್ಬನ್ನೇ ಕೊಳಕ್ಕೆ ಇಳಿಸುವುದು ಸರಿಯಾದ ಕ್ರಮ. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಹಸಿ ಸಗಣಿ ಹಾಕಬಾರದು, ಅದು ಕೊಳೆಯುತ್ತ ಮೀನಿನ ಆಮ್ಲಜನಕವನ್ನು ಕಸಿಯುತ್ತದೆ.

ತಾವರೆಗೆ ಕಾಯುವ ತಾಳ್ಮೆ ಇಲ್ಲದವರು ಸೊಪ್ಪಿನಿಂದ ಶುರುಮಾಡಲಿ. ಕರಾವಳಿ, ಮಲೆನಾಡಿನವರಿಗೆ ಕೆಸುವನ್ನು ಪರಿಚಯಿಸಬೇಕಿಲ್ಲ. ಬಚ್ಚಲ ನೀರು ಹರಿಯುವಲ್ಲಿ ತಾನಾಗಿ ಹುಲುಸಾಗುವ ಗಿಡ ಅದು. ಮೀನಿನ ಕೊಳದ ನೀರು ಬೇರಿಗೆ ತಾಗಿದರೆ ಪತ್ರೊಡೆಗೆ ಬೇಕಾದಷ್ಟು ಎಲೆ ಕೊಡುತ್ತದೆ. ಅದರ ತುರಿಕೆಗೆ ಕಾರಣ ಎಲೆಯ ಜೀವಕೋಶಗಳಲ್ಲಿ ಕಟ್ಟುಕಟ್ಟಾಗಿ ಕೂತ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಗಳು ಮತ್ತು ಸೂಜಿಗೆ ಅಂಟಿದ ಪ್ರೋಟೀನು. ಹುಣಸೆಯನ್ನೋ ಅಂಬಟೆಯನ್ನೋ ಹಾಕಿ ಚೆನ್ನಾಗಿ ಬೇಯಿಸುವ ನಮ್ಮ ಅಜ್ಜಿಯರ ಪದ್ಧತಿಯಲ್ಲಿ ಒಂದಿಷ್ಟೂ ರಿಯಾಯಿತಿ ಬೇಡ. ಬಂಗಾಳ, ಅಸ್ಸಾಂಗಳಲ್ಲಿ ದಿನನಿತ್ಯದ ಸೊಪ್ಪಾದ ಕಲ್ಮಿ ಗೆಣಸಿನ ಬಳ್ಳಿಯ ಹತ್ತಿರದ ನಂಟು. ಟೊಳ್ಳು ಕಾಂಡ ನೀರ ಮೇಲೆ ತೇಲುತ್ತದೆ, ಗಿಣ್ಣುಗಿಣ್ಣಿಗೂ ಬೇರು ಬಿಡುತ್ತದೆ. ಗೇಣುದ್ದದ ತುಂಡು ಊರಿದರೆ ಒಂದು ತಿಂಗಳಲ್ಲಿ ಕೊಯ್ಲು. ಗೊಬ್ಬರ ಹೀರುವ ಕೆಲಸಕ್ಕೆ ಇದರಷ್ಟು ಚುರುಕಾದ ಇನ್ನೊಂದು ಸೊಪ್ಪನ್ನು ನಾನು ಕಂಡಿಲ್ಲ.

ಹೊನಗೊನೆ ಸೊಪ್ಪು ನಮ್ಮ ಬಯಲುಸೀಮೆಯ ಗದ್ದೆ ಬದುಗಳದ್ದು; ಬಸ್ಸಾರಿಗೆ, ಪಲ್ಯಕ್ಕೆ ಹೇಳಿಮಾಡಿಸಿದ್ದು. ಆದರೆ ಕೊಳಕ್ಕೆ ತರುವಾಗ ಹೂವನ್ನು ನೋಡಿ ತನ್ನಿ. ಹೊನಗೊನೆಯ ಬಿಳಿ ಹೂಗೊಂಚಲು ತೊಟ್ಟಿಲ್ಲದೆ ಎಲೆಯ ಕಂಕುಳಲ್ಲೇ ಅಂಟಿಕೊಂಡು ಕೂತಿರುತ್ತದೆ. ಅದರ ದಾಯಾದಿ ಅಲಿಗೇಟರ್ ಕಳೆಯ ಹೂವು ಉದ್ದನೆಯ ತೊಟ್ಟಿನ ತುದಿಯಲ್ಲಿ ನಿಂತಿರುತ್ತದೆ. ದಕ್ಷಿಣ ಅಮೆರಿಕದಿಂದ ಬಂದ ಆ ಕಳೆ ಬೆಂಗಳೂರಿನ ಕೆರೆಗಳಲ್ಲೂ ಹಬ್ಬಿದೆ, ಒಮ್ಮೆ ಹೊಕ್ಕರೆ ಕೀಳುವುದು ಕಷ್ಟ.

ಕೊಳದ ದಡದ ಒದ್ದೆ ಮಣ್ಣು ಒಂದೆಲಗಕ್ಕೆ ಸರಿ.

ಬಯಲುಸೀಮೆಯಲ್ಲಿ 2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯಿಂದ ಪ್ಲಾಸ್ಟಿಕ್ ಹೊದಿಕೆಯ ಕೃಷಿಹೊಂಡಗಳು ಎಷ್ಟೋ ಹೊಲಗಳಿಗೆ ಬಂದವು, ಕೆಲವರು ಅವುಗಳಲ್ಲಿ ಮೀನನ್ನೂ ಬಿಡುತ್ತಾರೆ. ಮಣ್ಣಿಲ್ಲದ ಇಂಥ ಹೊಂಡದಲ್ಲಿ ಖಾಲಿ ಕ್ಯಾನುಗಳಿಗೆ ಬಿದಿರು ಕಟ್ಟಿ ತೆಪ್ಪ ಮಾಡಿ ಕಲ್ಮಿ ಬೆಳೆಯಬಹುದು. ಹೊದಿಕೆ ಜಾರುತ್ತದೆ, ಬಿದ್ದವರಿಗೆ ಹತ್ತಿ ಬರಲು ಆಗುವುದಿಲ್ಲ. ಬೇಲಿ ಮತ್ತು ಒಂದು ಹಗ್ಗದ ಏಣಿ ಇಲ್ಲದೆ ಮಾತ್ರ ಸೊಪ್ಪು ಕೊಯ್ಯಲು ಯಾರನ್ನೂ ಕಳಿಸಬೇಡಿ.

ಮೀನಿನ ಆಯ್ಕೆಯೂ ಮುಖ್ಯ. ಹುಲ್ಲುಗೆಂಡೆ ಬಿಟ್ಟರೆ ಸೊಪ್ಪು ನಿಮಗೆ ಸಿಗುವುದಿಲ್ಲ, ಎಲ್ಲ ಅದರ ಹೊಟ್ಟೆಗೇ. ಸಾಮಾನ್ಯ ಗೆಂಡೆ ತಳ ಕೆದಕಿ ಟಬ್ಬಿನ ಮಣ್ಣನ್ನು ಹೊರಚೆಲ್ಲುತ್ತದೆ. ಕಾಟ್ಲಾ, ರೋಹು ವಾಸಿ. ಮೀನಿಗೆಂದೇ ಒಂದು ಮೂಲೆಯಲ್ಲಿ ಬಿದಿರಿನ ಚೌಕಟ್ಟು ತೇಲಿಬಿಟ್ಟು ಅಜೋಲಾ ಬೆಳೆಸಬಹುದು. ಅದರ ಎಲೆಯೊಳಗೆ ನೆಲೆಸಿದ ನೀಲಿಹಸಿರು ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನೇ ಹಿಡಿದುಕೊಡುವುದರಿಂದ, ಕೊಳ್ಳುವ ಆಹಾರದ ಖರ್ಚು ತಗ್ಗುತ್ತದೆ. ಏನು ಬೆಳೆದರೂ ನೀರಿನ ಮೇಲ್ಮೈಯ ಅರ್ಧವಾದರೂ ತೆರೆದೇ ಇರಲಿ, ನೀರು ಗಾಳಿಯಿಂದ ಆಮ್ಲಜನಕ ಪಡೆಯುವುದು ಆ ಬಯಲಿನಲ್ಲೇ.

ಇನ್ನು ಒಂದು ಎಚ್ಚರಿಕೆ, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ದನ, ಕುರಿಗಳ ಪಿತ್ತಜನಕಾಂಗದಲ್ಲಿ ಬದುಕುವ ಎಲೆಯಾಕಾರದ ಚಪ್ಪಟೆಹುಳುವೊಂದಿದೆ. ಅದರ ಮೊಟ್ಟೆ ಸಗಣಿಯೊಡನೆ ನೀರು ಸೇರಿ, ಮರಿ ಹೊರಬಂದು ಪುಟ್ಟ ಬಸವನಹುಳುವಿನ ಮೈಹೊಕ್ಕು, ಅಲ್ಲಿ ಒಂದು ಹಲವಾಗಿ ಮತ್ತೆ ನೀರಿಗೆ ಬಂದು, ನೀರಗಿಡಗಳ ಎಲೆ ಕಾಂಡಗಳ ಮೇಲೆ ಕೋಶ ಕಟ್ಟಿಕೊಂಡು ಕೂರುತ್ತದೆ. 1880ರ ದಶಕದ ಆರಂಭದಲ್ಲೇ ಜರ್ಮನಿಯ ಲ್ಯೂಕಾರ್ಟ್, ಇಂಗ್ಲೆಂಡಿನ ಥಾಮಸ್ ಬೇರೆಬೇರೆಯಾಗಿ ಈ ಜೀವನಚಕ್ರವನ್ನು ಬಿಡಿಸಿಟ್ಟರು. ಆ ಸೊಪ್ಪನ್ನು ಹಸಿಯಾಗಿ ತಿಂದ ಮನುಷ್ಯನಿಗೂ ಹುಳು ಅಂಟುತ್ತದೆ. ಬಿಹಾರ, ಅಸ್ಸಾಂ ಕಡೆ ನೀರಿನಲ್ಲಿ ಬೆಳೆಯುವ ಶಿಂಗಾಡ ಕಾಯಿಯ ಸಿಪ್ಪೆಯನ್ನು ಹಲ್ಲಿನಿಂದ ಕಚ್ಚಿ ಸುಲಿಯುವವರ ಕರುಳಿಗೆ ಇದರದೇ ಬಳಗದ ಇನ್ನೊಂದು ಹುಳು ಸೇರುತ್ತದೆ. ತೊಳೆದ ಮಾತ್ರಕ್ಕೆ ಆ ಕೋಶ ಹೋಗುವುದಿಲ್ಲ, ಬೇಯಿಸಿದರೆ ಸಾಯುತ್ತದೆ. ಕೊಳದ ಸೊಪ್ಪು ಏನಿದ್ದರೂ ಒಲೆಯ ಮೇಲಿಂದಲೇ ತಟ್ಟೆಗೆ ಬರಬೇಕು. ಹಸಿ ತಂಬುಳಿಗೆ ಒಂದೆಲಗ ಬೇಕೆಂದರೆ ಕೊಳದ ನೀರು ತಾಗದ ಕುಂಡದಲ್ಲಿ ಬೇರೆಯಾಗಿ ಬೆಳೆಸಿಕೊಳ್ಳಿ. ದನಕರು ಕೊಳಕ್ಕೆ ಇಳಿಯದಂತೆ ನೋಡಿಕೊಳ್ಳಿ.

ಊರಿನ ಕೊಳಚೆ ಹರಿಯುವ ಕೆರೆಯ ಸೊಪ್ಪನ್ನಂತೂ ಮುಟ್ಟಲೇಬಾರದು. ಗೊಬ್ಬರ ಹೀರುವ ಬೇರು ಸೀಸ, ಕ್ಯಾಡ್ಮಿಯಂಗಳನ್ನೂ ಹೀರುತ್ತದೆ. ಹುಳುವಾದರೆ ಬೆಂದು ಸಾಯುತ್ತದೆ, ಲೋಹ ಬೇಯುವುದಿಲ್ಲ.

ಸೊಳ್ಳೆಯ ಭಯ ಅನೇಕರಿಗಿದೆ. ಮೀನಿರುವ ನೀರಿನಲ್ಲಿ ಸೊಳ್ಳೆಮರಿ ಉಳಿಯುವುದು ಅಪರೂಪ. ಅದಕ್ಕಾಗಿ ಹೊರದೇಶದ ಗಪ್ಪಿ, ಗ್ಯಾಂಬೂಸಿಯಾಗಳೇ ಆಗಬೇಕಿಲ್ಲ. ತಲೆಯ ಮೇಲೆ ಬೆಳ್ಳಿಚುಕ್ಕೆ ಹೊತ್ತ ನಮ್ಮ ತೋಡುಗಳ ಪುಟ್ಟ ಮೀನು ಸಾಕು. ಆದರೆ ಅಂತರಗಂಗೆಯನ್ನು ಮಾತ್ರ ಒಳಗೆ ಬಿಟ್ಟುಕೊಳ್ಳಬೇಡಿ. ಮ್ಯಾನ್ಸೋನಿಯಾ ಜಾತಿಯ ಸೊಳ್ಳೆಮರಿ ಉಸಿರಿಗೆಂದು ನೀರ ಮೇಲಕ್ಕೆ ಬರುವುದೇ ಇಲ್ಲ. ಅಂತರಗಂಗೆಯ ಬೇರಿಗೆ ಕೊಳವೆ ಚುಚ್ಚಿ, ಗಿಡದೊಳಗಿನ ಗಾಳಿಯನ್ನೇ ಕುಡಿದು ಬದುಕುತ್ತದೆ. ಕೇರಳದ ಕರಾವಳಿಯಲ್ಲಿ ಆನೆಕಾಲು ರೋಗ ಹರಡಿದ್ದು ಈ ಸೊಳ್ಳೆಯಿಂದ.

ಕೊಳದ ಗಿಡಗಳು ಬೇಗ ಮಿತಿಮೀರುತ್ತವೆ. ಹೆಚ್ಚಾದದ್ದನ್ನು ವಾರಕ್ಕೊಮ್ಮೆಯಾದರೂ ತೆಗೆಯಬೇಕು. ಅದನ್ನು ಎಲ್ಲಿ ಹಾಕುತ್ತೀರಿ ಎಂಬುದು ನಿಮ್ಮ ಹಿತ್ತಲಿಗಷ್ಟೇ ಸಂಬಂಧಿಸಿದ ವಿಷಯವಲ್ಲ. ಬ್ರೆಜಿಲ್ ಮೂಲದ ಸಾಲ್ವೀನಿಯಾ ಎಂಬ ತೇಲುಗಿಡ ಕೇರಳದ ಹಿನ್ನೀರುಗಳನ್ನೂ ಗದ್ದೆಗಳನ್ನೂ ಮುಚ್ಚಿಹಾಕಿತ್ತು. ಕೊನೆಗೆ ಅದನ್ನೇ ತಿಂದು ಬದುಕುವ ಒಂದು ಸೊಂಡಿಲು ಕೀಟವನ್ನು ಆಸ್ಟ್ರೇಲಿಯಾದಿಂದ ತರಿಸಿ, 1983-84ರಲ್ಲಿ ಬೆಂಗಳೂರಿನ ನೈದಿಲೆ ಕೊಳವೊಂದರಲ್ಲಿ ಬಿಟ್ಟು ನೋಡಿದರು. ವರ್ಷ ತುಂಬುವುದರೊಳಗೆ ಆ ಕೊಳದ ಸಾಲ್ವೀನಿಯಾ ನಾಶವಾಗಿ ನೈದಿಲೆ ಮತ್ತೆ ಚಿಗುರಿತು. ಎಲ್ಲ ಕಳೆಗೂ ಇಂಥ ಕೀಟ ಸಿಗುವುದಿಲ್ಲ. ಆದ್ದರಿಂದ ಹೆಚ್ಚಾದ ಅಜೋಲಾ, ಕಲ್ಮಿ, ಹೆಸರು ಗೊತ್ತಿಲ್ಲದ ಯಾವ ತೇಲುಗಿಡವನ್ನೂ ಕೆರೆಗೋ ಹಳ್ಳಕ್ಕೋ ಎಸೆಯಬೇಡಿ. ಬಿಸಿಲಿನಲ್ಲಿ ಒಣಗಿಸಿ ತಿಪ್ಪೆಗೆ ಹಾಕಿ, ತೆಂಗಿನ ಬುಡಕ್ಕೆ ಒಳ್ಳೆಯ ಗೊಬ್ಬರವಾಗುತ್ತದೆ.