ನೆನಪಿಗೆ ಎಷ್ಟು ಬೆಲೆ?

ತಾಳಿದವನು ಬಾಳಿಯಾನು ಎಂಬುದು ಹಿರಿಯರ ಮಾತು. ಗಣಕಯಂತ್ರವನ್ನು ಮನೆಗೆ ತಂದ ಸಂಸಾರಗಳು ಬಹುಕಾಲ ಈ ಮಾತನ್ನೇ ನೆಚ್ಚಿಕೊಂಡಿದ್ದುವು. ಇಂದು ದುಬಾರಿಯಾದ ರ‍್ಯಾಮ್ ನಾಳೆ ಅಗ್ಗವಾಗುವುದು ನಿಶ್ಚಯ. ಆದುದರಿಂದ ಕಾಯುವುದೇ ಜಾಣತನ ಎಂಬುದು ಅವರ ಲೆಕ್ಕ. 2025ರ ಕೊನೆಯ ತಿಂಗಳುಗಳಲ್ಲಿ ಈ ಲೆಕ್ಕ ತಲೆಕೆಳಗಾಯಿತು. ದೂರದೇಶಗಳ ಪೇಟೆಗಳಲ್ಲಿ ಏರತೊಡಗಿದ ಬೆಲೆ ಬೆಂಗಳೂರಿನ ಎಸ್.ಪಿ. ರಸ್ತೆಯನ್ನೂ ಮುಟ್ಟಿತು. ಮಕ್ಕಳ ಓದಿಗೋ ಮನೆಯಿಂದಲೇ ನಡೆಯುವ ಉದ್ಯೋಗಕ್ಕೋ ಯಂತ್ರವನ್ನು ನಂಬಿದವರು ಏನು ಮಾಡಬೇಕು?

ಯಂತ್ರದ ಡಿಸ್ಕ್ ಮನೆಯ ಉಗ್ರಾಣವಿದ್ದಂತೆ. ರ‍್ಯಾಮ್ ಅಡಿಗೆಯ ಕಟ್ಟೆಯಿದ್ದಂತೆ. ಉಗ್ರಾಣವೆಷ್ಟು ವಿಶಾಲವಾಗಿದ್ದರೇನು? ಕಟ್ಟೆ ಕಿರಿದಾದರೆ ಪಾತ್ರೆಗಳನ್ನು ಒಳಗೂ ಹೊರಗೂ ಹೊತ್ತು ಬಳಲುವುದು ತಪ್ಪದು. ರ‍್ಯಾಮ್ ತುಂಬಿದ ಯಂತ್ರ ತಡವರಿಸುವುದು ಇದೇ ಕಾರಣದಿಂದ.

1970ರಲ್ಲಿ ಇಂಟೆಲ್ ಸಂಸ್ಥೆ ಹೊರತಂದ 1103 ಎಂಬ ಚಿಪ್ಪಿನಲ್ಲಿ ಹಿಡಿಯುತ್ತಿದ್ದುದು 1,024 ಬಿಟ್ಟುಗಳು ಮಾತ್ರ. ಇಂದಿನ 8 ಜಿ.ಬಿ. ಪಟ್ಟಿಯೊಂದರಲ್ಲಿ 6,800 ಕೋಟಿಗೂ ಹೆಚ್ಚು ಬಿಟ್ಟುಗಳಿವೆ. ಕಾದವನಿಗೆ ಲಾಭವೆಂಬ ನಂಬಿಕೆ ಬೆಳೆದುದು ಈ ಪ್ರಗತಿಯಿಂದಲೇ.

ಆದರೆ ದಾರಿ ನೇರವಾದುದಲ್ಲ. 1993ರ ಜುಲೈನಲ್ಲಿ ಜಪಾನಿನ ನೀಹಾಮಾದಲ್ಲಿ, ಚಿಪ್ಪುಗಳ ಹೊದಿಕೆಗೆ ಬೇಕಾದ ಅಂಟುದ್ರವ್ಯವನ್ನು ತಯಾರಿಸುತ್ತಿದ್ದ ಕಾರ್ಖಾನೆಯೊಂದು ಸ್ಫೋಟಕ್ಕೆ ತುತ್ತಾಯಿತು; ಅಭಾವದ ಭಯದಿಂದಲೇ ಬೆಲೆ ಗಗನಕ್ಕೇರಿತು. 2016ರಿಂದ 2018ರವರೆಗೆ ಮತ್ತೆ ಏರಿಕೆ; 2019ರಲ್ಲಿ ಇಳಿಕೆ. 2025ರ ಏರಿಕೆಗೆ ಕಾರಣ ಕೃತಕ ಬುದ್ಧಿಮತ್ತೆಯ ಹಸಿವು. ಜಗತ್ತಿನ ಬಹುಪಾಲು ರ‍್ಯಾಮ್ ಚಿಪ್ಪುಗಳನ್ನು ತಯಾರಿಸುವ ಸ್ಯಾಮ್‌ಸಂಗ್, ಎಸ್.ಕೆ. ಹೈನಿಕ್ಸ್, ಮೈಕ್ರಾನ್ ಸಂಸ್ಥೆಗಳು ಬೃಹತ್ ದತ್ತಾಂಶ ಕೇಂದ್ರಗಳ ಬೇಡಿಕೆಯತ್ತ ತಿರುಗಿದುವು. ಆ ವರ್ಷದ ಡಿಸೆಂಬರಿನಲ್ಲಿ ಮೈಕ್ರಾನ್, ಮನೆಬಳಕೆಯ ತನ್ನ ಕ್ರೂಷಿಯಲ್ ವ್ಯಾಪಾರದಿಂದಲೇ ಹಿಂದೆ ಸರಿಯುವುದಾಗಿ ಸಾರಿತು. ಹೊಸ ಕಾರ್ಖಾನೆ ಕಟ್ಟಿ ಉತ್ಪಾದನೆ ಆರಂಭಿಸಲು ವರ್ಷಗಳೇ ಬೇಕು. ಆದುದರಿಂದ ಇಂಥ ಕಾಲದಲ್ಲಿ ಕಾಯುವವನು ತಿಂಗಳುಗಳನ್ನಲ್ಲ, ವರ್ಷಗಳನ್ನೇ ಕಾಯಲು ಸಿದ್ಧನಾಗಿರಬೇಕು.

ಹಾಗೆಂದು ಭಯಪಟ್ಟು ಕೊಳ್ಳುವುದೂ ವಿವೇಕವಲ್ಲ. ದಿನನಿತ್ಯದ ಕೆಲಸಗಳನ್ನೆಲ್ಲ ತೆರೆದಿಟ್ಟು, ವಿಂಡೋಸಿನ ಟಾಸ್ಕ್ ಮ್ಯಾನೇಜರಿನಲ್ಲಿ ರ‍್ಯಾಮ್ ಎಷ್ಟು ತುಂಬಿದೆಯೆಂದು ನೋಡಬೇಕು. ಅರ್ಧ ಬರಿದಾಗಿದ್ದರೆ ಹೊಸ ಪಟ್ಟಿಯಿಂದ ಪ್ರಯೋಜನ ಅತ್ಯಲ್ಪ. ನಿಧಾನಕ್ಕೆ ಕಾರಣ ಬಹುಶಃ ತಿರುಗುವ ಹಳೆಯ ಡಿಸ್ಕ್. ಸದಾ ಅಂಚಿನವರೆಗೆ ತುಂಬಿದ್ದರೆ ಕೊರತೆ ನಿಜವಾದುದು. ಆಗಲೂ ಎರಡು ಎಚ್ಚರಿಕೆ ಅಗತ್ಯ. ಡಿ.ಡಿ.ಆರ್. 4 ಪಟ್ಟಿ ಡಿ.ಡಿ.ಆರ್. 5ರ ಕಂಡಿಯಲ್ಲಿ ಕೂರದು. ಕೆಲವು ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಬೆಸುಗೆ ಹಾಕಿಯೇ ಕೂರಿಸಿರುವುದರಿಂದ ಅದನ್ನು ಬದಲಿಸುವಂತೆಯೇ ಇಲ್ಲ. ಇನ್ನು, ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಮುಂದಿನ ಆವೃತ್ತಿಗೆ ಏರಲಾರದ ಮುದಿ ಯಂತ್ರಕ್ಕೆ ದುಬಾರಿ ರ‍್ಯಾಮ್ ತೊಡಿಸುವುದು ಬೀಳುವ ಗೋಡೆಗೆ ಸುಣ್ಣ ಬಳಿದಂತೆಯೇ ಸರಿ.

ಪರೀಕ್ಷೆ ಎದುರಿಗಿರುವ ವಿದ್ಯಾರ್ಥಿಯ ಯಂತ್ರ ಹೆಜ್ಜೆಹೆಜ್ಜೆಗೂ ನಿಲ್ಲುತ್ತಿದ್ದರೆ, ಅವನು ಕಳೆದುಕೊಳ್ಳುವ ಗಂಟೆಗಳಿಗೂ ಬೆಲೆಯುಂಟು. ಬೆಲೆ ಇಳಿದಾಗ ಉಳಿಯುವ ಹಣದಿಂದ ಆ ಗಂಟೆಗಳನ್ನು ಮರಳಿ ಕೊಳ್ಳಲಾಗದು. ಅಂಥವರು ಬೇಕಾದಷ್ಟನ್ನು ಇಂದೇ ಕೊಳ್ಳುವುದು ಲೇಸು. ಕೆಲಸ ಸುಗಮವಾಗಿ ಸಾಗುತ್ತಿರುವವರು ಪೇಟೆಯ ಗದ್ದಲಕ್ಕೆ ಕಿವಿಗೊಡದೆ ನಿಶ್ಚಿಂತರಾಗಿ ಕಾಯಬಹುದು.