ಗ್ರಂಥಗಳ ಮೂಲಕ ಒಂದು ಶತಮಾನದ ಪರಿಚಯ

ಹತ್ತೊಂಬತ್ತನೆಯ ಶತಮಾನವೆಂದರೆ ಯುದ್ಧಗಳ, ಕೌಲುಗಳ, ಗವರ್ನರ್ ಜನರಲರ ಹೆಸರುಗಳ ಒಂದು ಉದ್ದವಾದ ಪಟ್ಟಿಯೆಂದು ನಮ್ಮ ವಿದ್ಯಾರ್ಥಿನಿಯರಲ್ಲಿ ಅನೇಕರು ಎಣಿಸಿರುವರು. ಆ ಪಟ್ಟಿಯನ್ನು ನಾವು ಹಳಿಯುವುದಿಲ್ಲ. ಪರೀಕ್ಷೆಗೆ ಅದು ಬೇಕು. ಆದರೆ ಆ ಕಾಲದಲ್ಲಿ ಯಾರು ಓದಿದರು, ಏನನ್ನು ಓದಿದರು, ಓದಬಾರದವರು ಯಾರ ಬಾಯಿಂದ ಕೇಳಿ ತಿಳಿದರು ಎಂಬುದನ್ನು ಅರಿಯಬೇಕಾದರೆ ಆ ಕಾಲದ ಪುಸ್ತಕಗಳನ್ನೇ ಕೈಗೆತ್ತಿಕೊಳ್ಳಬೇಕು. ನಮ್ಮ ಕರಾವಳಿಯಲ್ಲಿಯೇ ಹುಟ್ಟಿದ ಕೆಲವು ಪುಸ್ತಕಗಳ ವಿಷಯವಾಗಿ ಇಲ್ಲಿ ಹೇಳುವೆವು.

ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಅವರಲ್ಲೊಬ್ಬರಾದ ಹೆರ್ಮನ್ ಮೋಗ್ಲಿಂಗ್ ಪಾದ್ರಿಗಳು 1843ನೆಯ ಜುಲೈ 1ರಂದು ಹೊರಡಿಸಿದ 'ಮಂಗಳೂರ ಸಮಾಚಾರ'ವೇ ಕನ್ನಡದ ಮೊದಲನೆಯ ವರ್ತಮಾನ ಪತ್ರಿಕೆ. ಹದಿನೈದು ದಿನಕ್ಕೊಮ್ಮೆ ಹೊರಡುತ್ತಿದ್ದ ಅದು ಕಲ್ಲಚ್ಚಿನಲ್ಲಿ ಮುದ್ರಿತವಾಗುತ್ತಿತ್ತು. ಜಿಡ್ಡುಳ್ಳ ಮಸಿಯಿಂದ ಬರೆದುದನ್ನು ನುಣುಪಾದ ಕಲ್ಲಿನ ಮೇಲೆ ಮೂಡಿಸಿ, ಕಲ್ಲನ್ನು ನೀರಿನಿಂದ ನೆನೆಸಿದರೆ, ಅಚ್ಚಿನ ಮಸಿಯು ಒದ್ದೆಯ ಜಾಗವನ್ನು ಬಿಟ್ಟು ಅಕ್ಷರಕ್ಕೆ ಮಾತ್ರ ಹತ್ತುವುದು. ಆದುದರಿಂದ ಆ ಹಾಳೆಗಳಲ್ಲಿ ನಾವು ಕಾಣುವುದು ಲಿಪಿಕಾರನ ಕೈಬರಹವನ್ನೇ. ಊರಿನ ಸುದ್ದಿ, ಸರಕಾರದ ನಿರೂಪಗಳು, ಪರರಾಜ್ಯಗಳ ವರ್ತಮಾನ, ಕಥೆ, ಬುದ್ಧಿವಾದ ಇವೆಲ್ಲ ಅದರಲ್ಲಿ ಸೇರಿದ್ದವು. ಮರುವರ್ಷವೇ ಪತ್ರಿಕೆಯು ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ'ವಾಯಿತು.

ಮಿಶನ್ನಿನವರ ಮುಖ್ಯ ಉದ್ದೇಶವು ಸುವಾರ್ತೆಯ ಪ್ರಚಾರವೆಂಬುದನ್ನು ಓದುಗರು ಮರೆಯಬಾರದು. ಈ ದೇಶದ ಆಚಾರಗಳ ವಿಷಯದಲ್ಲಿ ಅವರು ಬರೆದುದನ್ನೆಲ್ಲ ತೂಗಿ ನೋಡದೆ ಒಪ್ಪಬೇಕಾಗಿಲ್ಲ. ಹಾಗಿದ್ದರೂ ಅದೇ ಮೋಗ್ಲಿಂಗರು 1850ರಲ್ಲಿ ದಾಸರ ಪದಗಳನ್ನು ಅಚ್ಚು ಹಾಕಿಸಿದರು. 1853ರಲ್ಲಿ ಈ ದೇಶಕ್ಕೆ ಬಂದ ಕಿಟ್ಟೆಲ್ ಪಾದ್ರಿಗಳ ನಿಘಂಟು ಮಂಗಳೂರಲ್ಲಿ ಪ್ರಕಟವಾದದ್ದು 1894ರಲ್ಲಿ. ಸುಮಾರು 70,000 ಶಬ್ದಗಳುಳ್ಳ ಆ ಕೋಶವನ್ನು ಬರಿಯ ಅರ್ಥಕ್ಕಾಗಿ ತೆರೆಯುವವರು ಅದರ ಅರ್ಧ ಸವಿಯನ್ನು ಕಳೆದುಕೊಳ್ಳುವರು. ಒಂದೊಂದು ಶಬ್ದದ ಬೆನ್ನಿಗೆ ಕಾವ್ಯಪ್ರಯೋಗಗಳು, ಗಾದೆಗಳು, ತಮಿಳು ತೆಲುಗು ತುಳುಗಳಲ್ಲಿನ ಅದರ ನಂಟರು ಬರುವರು.

ಇನ್ನು ಸಾಹಿತ್ಯಕ್ಕೆ ಬರೋಣ. ನಂದಳಿಕೆಯ ಲಕ್ಷ್ಮೀನಾರಣಪ್ಪನವರು ಉಡುಪಿಯಲ್ಲಿ ಉಪಾಧ್ಯಾಯರಾಗಿದ್ದರು. ಶತಮಾನದ ಕೊನೆಯ ವರ್ಷಗಳಲ್ಲಿ ಅವರ 'ರಾಮಾಶ್ವಮೇಧ'ವು ಮೈಸೂರಿನ 'ಕಾವ್ಯಮಂಜರಿ'ಯಲ್ಲಿ ಬೆಳಕು ಕಂಡಿತು. ಆದರೆ ಅವರು ಅದನ್ನು ತಮ್ಮದೆಂದು ಹೇಳಲಿಲ್ಲ; ಮುದ್ದಣನೆಂಬ ಹಿಂದಿನ ಕವಿಯೊಬ್ಬನ ಕೃತಿಯೆಂಬಂತೆ ಕಳುಹಿದರು. 1901ರಲ್ಲಿ, ಮೂವತ್ತೊಂದರ ವಯಸ್ಸಿನಲ್ಲಿ, ಅವರು ತೀರಿಕೊಂಡ ಮೇಲೆಯೇ ನಿಜವು ಲೋಕಕ್ಕೆ ಸ್ಪಷ್ಟವಾದದ್ದು. ಹೊಸಬನ ಬರಹಕ್ಕೆ ಬೆಲೆ ದೊರೆಯಲಾರದು, ಹಳೆಯದಾದರೆ ದೊರೆತೀತು ಎಂದು ಒಬ್ಬ ಪ್ರತಿಭಾವಂತನಿಗೆ ತೋರುವಂತಿದ್ದ ಕಾಲವದು! ಪುಟಗಟ್ಟಲೆ ಚರಿತ್ರೆಯನ್ನು ಓದಿದರೂ ಇಷ್ಟು ತಿಳಿಯುತ್ತದೆಯೇ ಎಂದು ನಮಗೆ ಸಂದೇಹ.

ಆ ಗ್ರಂಥದಲ್ಲಿ ಕಥೆ ಹೇಳುವವನು ಗಂಡ, ಕೇಳುವವಳು ಮನೋರಮೆ. ಆದರೆ ಅವಳು ತಲೆದೂಗುವ ಗೊಂಬೆಯಲ್ಲ. ಸಂಸ್ಕೃತದ ಭಾರವು ಹೆಚ್ಚಿದೊಡನೆ ಅವಳು ತಡೆಯುತ್ತಾಳೆ, ಪದ್ಯ ಬೇಡ, ಗದ್ಯವಿರಲಿ ಎನ್ನುತ್ತಾಳೆ, ತಿಳಿಗನ್ನಡವನ್ನು ಬೇಡುತ್ತಾಳೆ. ಕವಿಯು ಅವಳ ಮಾತಿಗೆ ಸೋಲುತ್ತಾನೆ. ಮನೆಯ ಹೆಂಗಸು ಗ್ರಂಥದ ಭಾಷೆಯನ್ನು ತಿದ್ದುವ ಈ ವಿನೋದವು ನಮಗೆ ವಿನೋದಮಾತ್ರವಾಗಿ ಕಾಣುವುದಿಲ್ಲ.

ಮನೋರಮೆಯ ಪಕ್ಕದಲ್ಲಿ ಇಂದಿರಾಬಾಯಿಯನ್ನು ನಿಲ್ಲಿಸಿ ನೋಡಿರಿ. ಪೊಲೀಸು ಇಲಾಖೆಯ ಅಧಿಕಾರಿಗಳಾಗಿದ್ದ ಗುಲ್ವಾಡಿ ವೆಂಕಟರಾಯರು ಬರೆದ 'ಇಂದಿರಾಬಾಯಿ' ಕಾದಂಬರಿಯು 1899ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಅಚ್ಚುಕೂಟದಲ್ಲಿ ಮುದ್ರಿತವಾಯಿತು. ಬಾಲ್ಯದಲ್ಲಿಯೇ ಗಂಡನನ್ನು ಕಳೆದುಕೊಂಡ ಹುಡುಗಿಯೊಬ್ಬಳು ಕಪಟ ಭಕ್ತರ ಕಾಟಕ್ಕೆ ಬೇಸತ್ತು ಮನೆಬಿಟ್ಟು, ಸಜ್ಜನರೊಬ್ಬರ ಆಶ್ರಯದಲ್ಲಿ ವಿದ್ಯೆ ಕಲಿತು, ತನ್ನ ಇಷ್ಟದ ಪ್ರಕಾರ ಮರುಮದುವೆಯಾಗುವುದೇ ಅದರ ಕಥೆ. ಕಥೆಯ ಸಂವಿಧಾನದಲ್ಲಿ ಲೋಪಗಳುಂಟು. ಒಳ್ಳೆಯವರು ತೀರ ಒಳ್ಳೆಯವರು, ಕೆಟ್ಟವರು ತೀರ ಕೆಟ್ಟವರು. ಆದರೂ ಇದನ್ನು ಬಿಡಬಾರದೆಂದು ನಾವು ಹೇಳುವೆವು.

ಕಾರಣವಿಷ್ಟೆ. ವಿಧವಾವಿವಾಹವನ್ನು ಸಿಂಧುವೆಂದು ಒಪ್ಪಿದ ಕಾಯಿದೆಯು 1856ರಲ್ಲಿ ಆಯಿತೆಂದು ಚರಿತ್ರೆಯ ಪುಸ್ತಕವು ಹೇಳಿ ಮುಂದಿನ ಪ್ರಕರಣಕ್ಕೆ ಹೋಗುತ್ತದೆ. ಓದುವವಳು ಆ ಕಷ್ಟವು ಅಲ್ಲಿಗೆ ತೀರಿತೆಂದು ತಿಳಿಯುವಳು. ಕಾಯಿದೆಯಾಗಿ 43 ವರ್ಷಗಳಾದ ಮೇಲೆ ಬರೆದ ಈ ಕಾದಂಬರಿಯಲ್ಲಿ ಅದೇ ಮದುವೆಯು ಊರನ್ನೇ ಕಲಕುವ ಸಂಗತಿಯಾಗಿದೆ. ಕಾಗದದ ಮೇಲಿನ ಕಾಯಿದೆಯು ಮನೆಯ ಹೊಸ್ತಿಲನ್ನು ದಾಟಲು ಎಷ್ಟು ಕಾಲ ಬೇಕಾಯಿತು, ಅಷ್ಟರಲ್ಲಿ ಎಷ್ಟು ಹುಡುಗಿಯರು ಒಳಕೋಣೆಯಲ್ಲಿಯೇ ಮುದುಕಿಯರಾದರು ಎಂಬುದನ್ನು ಇಸವಿಗಳು ತಿಳಿಸಲಾರವು. ಇಂದಿರೆಗೆ ಬಾಗಿಲು ತೆರೆದದ್ದು ಕಾಯಿದೆಯೊಂದೇ ಅಲ್ಲ, ಅವಳು ಕಲಿತ ಅಕ್ಷರವೂ ಹೌದು.

ಹಳೆಯ ಭಾಷೆಗೆ ಅಂಜುವ ಮಕ್ಕಳು 'ಇಂದಿರಾಬಾಯಿ'ಯನ್ನು ಮೊದಲು ಓದಲಿ. ಅದರ ಕನ್ನಡವು ಅಷ್ಟು ಬಿರುಸಲ್ಲ. ಆ ಬಳಿಕ ಮನೋರಮೆಯ ಸಲ್ಲಾಪಗಳಿರುವ ಪುಟಗಳನ್ನು ಗೆಳತಿಯರಿಬ್ಬರು ಪಾತ್ರ ವಹಿಸಿ ಗಟ್ಟಿಯಾಗಿ ಓದಲಿ. ಕಿಟ್ಟೆಲರ ಕೋಶವು ಮಗ್ಗುಲಲ್ಲಿರಲಿ. ತಿಳಿಯದ ಶಬ್ದಕ್ಕಾಗಿ ಅದನ್ನು ತೆರೆದಾಗ ಅದೇ ಪುಟದ ಒಂದೆರಡು ಗಾದೆಗಳನ್ನೂ ಓದಿಕೊಳ್ಳಲಿ.