ಬಡ್ಡಿಯಿಲ್ಲದೆ ಸ್ವಂತ ಮನೆ

ಸ್ವಂತದ್ದೊಂದು ಸೂರು ಬೇಕು. ಈ ಆಸೆ ಯಾರಿಗಿಲ್ಲ ಹೇಳಿ? ಆದರೆ ಒಮ್ಮೆಲೇ ಪೂರಾ ಹಣ ಕೈಯಲ್ಲಿ ಇರೋದಿಲ್ಲ. ಅನೇಕರು ಬ್ಯಾಂಕಿನಲ್ಲಿ ಸಾಲ ಮಾಡುತ್ತಾರೆ. ಬಡ್ಡಿ ಕಟ್ಟುತ್ತಾರೆ.

ನಮ್ಮ ಮುಸ್ಲಿಂ ಅಕ್ಕತಂಗಿಯರು, ಅಣ್ಣತಮ್ಮಂದಿರಲ್ಲಿ ಹಲವರು ಬಡ್ಡಿ ಕೊಡುವುದಿಲ್ಲ, ತಗೊಳ್ಳುವುದೂ ಇಲ್ಲ. ಕುರಾನ್ ವ್ಯಾಪಾರವನ್ನು ಒಪ್ಪುತ್ತದೆ, ಬಡ್ಡಿಯನ್ನು ಬೇಡ ಎನ್ನುತ್ತದೆ. ಹಾಗಾದರೆ ಅವರು ಮನೆ ಕೊಳ್ಳುವುದು ಹೇಗೆ? ಬನ್ನಿ, ತಿಳಿಯೋಣ.

ಬಡ್ಡಿ ಬೇರೆ, ಬಾಡಿಗೆ ಬೇರೆ

ಸಾಲ ಕೊಟ್ಟು, ಕೊಟ್ಟದ್ದಕ್ಕಿಂತ ಹೆಚ್ಚು ಹಣ ಕೇಳಿದರೆ ಅದು ಬಡ್ಡಿ. ವಸ್ತುವನ್ನು ಕೊಂಡು ಲಾಭ ಇಟ್ಟು ಮಾರಿದರೆ ಅದು ವ್ಯಾಪಾರ. ನಮ್ಮ ಮನೆಯನ್ನು ಇನ್ನೊಬ್ಬರಿಗೆ ಇರಲು ಕೊಟ್ಟು ಹಣ ಪಡೆದರೆ ಅದು ಬಾಡಿಗೆ. ವ್ಯಾಪಾರಕ್ಕೆ ಅಡ್ಡಿಯಿಲ್ಲ, ಬಾಡಿಗೆಗೂ ಅಡ್ಡಿಯಿಲ್ಲ. ಇದರಿಂದಲೇ ದಾರಿ ಹುಟ್ಟಿದೆ.

ಪಾಲುದಾರಿಕೆಯ ಲೆಕ್ಕ

ಒಂದು ಮನೆಯ ಬೆಲೆ 10 ಲಕ್ಷ ರೂಪಾಯಿ ಎನ್ನೋಣ. ಕೊಳ್ಳುವವರ ಹತ್ತಿರ 2 ಲಕ್ಷ ಇದೆ. ಒಂದು ಸಂಸ್ಥೆ ಉಳಿದ 8 ಲಕ್ಷ ಹಾಕುತ್ತದೆ. ಇಬ್ಬರೂ ಸೇರಿ ಮನೆ ಕೊಳ್ಳುತ್ತಾರೆ. ಮನೆಯನ್ನು 10 ಪಾಲು ಮಾಡಿದರೆ 2 ಪಾಲು ಇವರದು, 8 ಪಾಲು ಸಂಸ್ಥೆಯದು.

ಇವರು ಆ ಮನೆಯಲ್ಲಿ ವಾಸ ಮಾಡುತ್ತಾರೆ. ಸಂಸ್ಥೆಯ ಪಾಲಿಗೆ ಬಾಡಿಗೆ ಕೊಡುತ್ತಾರೆ. ಒಂದು ಪಾಲಿಗೆ ತಿಂಗಳಿಗೆ 500 ರೂಪಾಯಿ ಆದರೆ, ಮೊದಲ ವರ್ಷ ತಿಂಗಳಿಗೆ 4,000 ರೂಪಾಯಿ ಆಯಿತು. ವರ್ಷದ ಕೊನೆಗೆ 1 ಲಕ್ಷ ಕೊಟ್ಟು ಒಂದು ಪಾಲು ಕೊಳ್ಳುತ್ತಾರೆ. ಮರುವರ್ಷ ಬಾಡಿಗೆ 3,500ಕ್ಕೆ ಇಳಿಯುತ್ತದೆ. ಹೀಗೆ 8 ವರ್ಷ. ಕೊನೆಗೆ ಮನೆ ಪೂರ್ತಿ ಇವರದೇ! ಇದಕ್ಕೆ ಮುಷಾರಕ ಎನ್ನುತ್ತಾರೆ. ಹಾಗೆಂದರೆ ಪಾಲುದಾರಿಕೆ.

ಇದೂ ಬಡ್ಡಿಯ ಹಾಗೇ ಅಲ್ವಾ ಎಂದು ನೀವು ಕೇಳಬಹುದು. ಕೇಳಬೇಕಾದ ಮಾತೇ. ಸಾಲದಲ್ಲಿ ಮನೆ ಬಿದ್ದರೂ ಬಡ್ಡಿ ನಿಲ್ಲುವುದಿಲ್ಲ. ಪಾಲುದಾರಿಕೆಯಲ್ಲಿ ಮನೆಗೆ ನಷ್ಟವಾದರೆ ಇಬ್ಬರೂ ತಮ್ಮ ತಮ್ಮ ಪಾಲಿನಷ್ಟು ಹೊರಬೇಕು. ಸಂಸ್ಥೆ ನಷ್ಟ ಹೊರುವುದಿಲ್ಲ ಎಂದರೆ ಅದು ಹೆಸರಿಗೆ ಮಾತ್ರ ಪಾಲುದಾರಿಕೆ.

ಬ್ರಿಟನ್ ದೇಶದಲ್ಲಿ ಹೀಗೆ ಮನೆ ಕೊಳ್ಳುವವರಿದ್ದಾರೆ. ಅಲ್ಲಿ ಮೊದಲು ಒಂದು ತೊಡಕಿತ್ತು. ಸಂಸ್ಥೆ ಮನೆ ಕೊಂಡಾಗ ಒಮ್ಮೆ, ಗಿರಾಕಿಗೆ ಕೊಟ್ಟಾಗ ಇನ್ನೊಮ್ಮೆ ಸರ್ಕಾರಕ್ಕೆ ಮುದ್ರಾಂಕ ಶುಲ್ಕ ಕಟ್ಟಬೇಕಿತ್ತು. 2003ರಲ್ಲಿ ಕಾನೂನು ಬದಲಾಗಿ ಎರಡೆರಡು ಸಲ ಕಟ್ಟುವುದು ತಪ್ಪಿತು.

ನಮ್ಮಲ್ಲಿ ಹೇಗೆ?

ನಮ್ಮ ದೇಶದ ಬ್ಯಾಂಕುಗಳು ಹೀಗೆ ಮನೆ ಕೊಡುವುದಿಲ್ಲ. ಬಡ್ಡಿರಹಿತ ಇಸ್ಲಾಮಿಕ್ ಬ್ಯಾಂಕಿನ ಪ್ರಸ್ತಾಪವನ್ನು ಮುಂದುವರಿಸುವುದಿಲ್ಲ ಎಂದು 2017ರಲ್ಲಿ ರಿಸರ್ವ್ ಬ್ಯಾಂಕ್ ತಿಳಿಸಿತು. ಆದರೂ ದಾರಿಗಳಿವೆ.

ಒಂದು: ಮಾರುವವರೊಡನೆ ಬೆಲೆ ಗೊತ್ತುಮಾಡಿ ಕಂತಿನಲ್ಲಿ ಕೊಡುವುದು. ಕಂತು ತಡವಾದರೂ ಬೆಲೆ ಏರಬಾರದು.

ಎರಡು: ನೆಂಟರಿಷ್ಟರಿಂದ ಬಡ್ಡಿಯಿಲ್ಲದ ಕೈಸಾಲ. ಇದಕ್ಕೆ ಕರ್ಜ್-ಎ-ಹಸನ್ ಎನ್ನುತ್ತಾರೆ.

ಮೂರು: ಮೊದಲು ನಿವೇಶನ, ಆಮೇಲೆ ತಳಪಾಯ, ಆಮೇಲೆ ಗೋಡೆ. ಕೂಡಿಟ್ಟಷ್ಟು ಕಟ್ಟುವುದು.

ನಾಲ್ಕು: ಸರ್ಕಾರದ ಸಹಾಯಧನ. ಹಳ್ಳಿಯ ವಸತಿಹೀನರಿಗಾಗಿ ಪ್ರಧಾನಮಂತ್ರಿ ಆವಾಸ್ ಯೋಜನೆ 2016ರಲ್ಲಿ ಶುರುವಾಯಿತು. ಬಯಲು ಪ್ರದೇಶದಲ್ಲಿ ಒಂದು ಮನೆಗೆ 1,20,000 ರೂಪಾಯಿ ಗೊತ್ತುಮಾಡಿದರು. ಇದು ಸಾಲವಲ್ಲ. ಬಡ್ಡಿಯ ಮಾತೇ ಇಲ್ಲ. ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ.

ಹೆಸರು ನೋಡಿ ಮರುಳಾಗಬೇಡಿ

ಬೆಂಗಳೂರಿನ ಐಎಂಎ ಎಂಬ ಸಂಸ್ಥೆ, ತಾನು ಕೊಡುವುದು ಬಡ್ಡಿಯಲ್ಲ, ಹಲಾಲ್ ಲಾಭ ಎಂದು ಜನರಿಂದ ಹಣ ಪಡೆದಿತ್ತು. 2019ರ ಜೂನ್‌ನಲ್ಲಿ ಅದು ಬಾಗಿಲು ಹಾಕಿತು. ಸಾವಿರಾರು ಕುಟುಂಬಗಳ ಹಣ ಸಿಕ್ಕಿಬಿತ್ತು. ಮನೆಗೆ, ಮದುವೆಗೆ ಎಂದು ಕೂಡಿಟ್ಟ ಹಣವನ್ನು ಬರೀ ಹೆಸರು ನಂಬಿ ಕೊಡಬಾರದು. ಹಣ ಎಲ್ಲಿ ಹೋಗುತ್ತದೆ, ಲಾಭ ಎಲ್ಲಿಂದ ಬರುತ್ತದೆ ಎಂದು ಕೇಳಬೇಕು.

ಬರೆದಿಡೋಣ, ಓದಿ ನೋಡೋಣ

ಸಾಲದ ಮಾತನ್ನು ಬರೆದಿಡಿ ಎಂದು ಕುರಾನ್ ಕೂಡ ಹೇಳುತ್ತದೆ. ಅಣ್ಣ ಕೊಟ್ಟ ಸಾಲವಾದರೂ ಸರಿ, ಎಷ್ಟು ಹಣ, ಯಾವಾಗ ವಾಪಸು ಎಂದು ಬರೆದು ಸಾಕ್ಷಿ ಹಾಕಿಸಿ. ಕಂತು ಕೊಟ್ಟಾಗೆಲ್ಲ ರಸೀದಿ ಪಡೆಯಿರಿ. ಕೊಳ್ಳುವ ಮೊದಲು ಋಣಭಾರ ಪತ್ರ ತೆಗೆಸಿ. ಜನ ಇದನ್ನು ಇಸಿ ಅಂತಾರೆ. ಆ ಆಸ್ತಿಯ ಮೇಲೆ ನೋಂದಣಿಯಾದ ಸಾಲ ಇದ್ದರೆ ಇದರಲ್ಲಿ ಗೊತ್ತಾಗುತ್ತದೆ. ಕ್ರಯಪತ್ರವನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ.

ಈಗ ನಮಗೆ ಓದಲು ಬರುತ್ತದೆ. ಪತ್ರವನ್ನು ಪೂರ್ತಿ ಓದೋಣ. ತಿಳಿಯದ್ದನ್ನು ಕೇಳೋಣ. ಆಮೇಲೇ ಸಹಿ ಹಾಕೋಣ.